ಅವ್ವನ ಹಾರಾಟ ಮತ್ತು ನನ್ನ ಒಂಟಿ ಸೀನು

ನಿಮ್ಮ ಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುವಾಗ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಕೆಲವರು ಮೊದಲೇ ನೀರಿನಲ್ಲಿ ಹಾಕಿಡುತ್ತಾರಂತೆ, ಕೆಲವರು ಹಲ್ಲಿನಲ್ಲಿ ಬೆಂಕಿಕಡ್ಡಿ ಕಚ್ಚಿಕೊಳ್ಳುತ್ತಾರಂತೆ, ಉಳಿದವರು ಸುಮ್ಮನೆ ಅತ್ತುಬಿಡುತ್ತಾರೆ. ನಮ್ಮ ಮನೆಯಲ್ಲಿ ವಿಮಾನದ ಕನ್ನಡಕ ಹಾಕಿಕೊಳ್ಳುತ್ತಾರೆ.

ತಮಾಷೆಯಲ್ಲ. ಅಡುಗೆಮನೆಯ ಗೋಡೆಗೆ, ತುರಿಮಣೆಯ ಪಕ್ಕದ ಮೊಳೆಗೆ, ಅದು ಈಗಲೂ ನೇತಾಡುತ್ತಿದೆ. ದಪ್ಪ ಗಾಜು, ಸುತ್ತಲೂ ಚರ್ಮದ ಅಂಚು, ಹಿಂದೆ ಕಟ್ಟಿಕೊಳ್ಳಲು ಪಟ್ಟಿ. ಮೂಲದ ಪಟ್ಟಿ ಎಂದೋ ಹರಿದುಹೋಗಿ ಅದರ ಜಾಗದಲ್ಲಿ ಸೀರೆಯೊಳಗಿನ ಪರಕಾರದ ಲಾಡಿ ಬಂದಿದೆ. ನನ್ನ ಅವ್ವ ಕಮಲಾಬಾಯಿ ಅದನ್ನು ಕಣ್ಣಿಗೇರಿಸಿ, ಲಾಡಿಯನ್ನು ತುರುಬಿನ ಕೆಳಗೆ ಬಿಗಿದು, ಈಳಿಗೆಮಣೆಯ ಮೇಲೆ ಕೂತಳೆಂದರೆ ನಮಗೆ ಕಡಲೆಹಿಟ್ಟಿನ ಝುಣಕದ ಆಸೆ ಹುಟ್ಟುತ್ತಿತ್ತು. ಎಲ್ಲರ ತಾಯಂದಿರೂ ಹೀಗೆಯೇ ಎಂದು ನಾನು ತಿಳಿದಿದ್ದೆ. ಒಮ್ಮೆ ಗೆಳೆಯನ ಮನೆಯಲ್ಲಿ ಅವನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೆಚ್ಚುತ್ತಿದ್ದುದನ್ನು ಕಂಡು ಬಂದು, "ಅವರ ಮನ್ಯಾಗ ಕನ್ನಡಕಾ ಇಲ್ಲವ್ವಾ, ಪಾಪ, ಭಾಳ ಬಡವರು" ಎಂದಿದ್ದೆ.

ಅವ್ವ ವಿಮಾನ ಹಾರಿಸುತ್ತಿದ್ದಳು. ಕೂತು ಹೋಗುವುದಲ್ಲ, ಹಾರಿಸುವುದು. ಬ್ರಿಟಿಷರು ಇನ್ನೂ ಇದ್ದ ಕಾಲ. ಹೆಣ್ಣುಮಗಳೊಬ್ಬಳು ಸೈಕಲ್ ತುಳಿದರೆ ಪೇಠೆಯ ಕಟ್ಟೆಗಳ ಮೇಲೆ ಕೂತವರೆಲ್ಲ ಎದ್ದು ನಿಂತು ನೋಡುತ್ತಿದ್ದ ಪುಣೆ. ಅವ್ವನ ಅಪ್ಪ ಬೆಳಗಾವಿ ಕಡೆಯಿಂದ ಬಂದು ಇಲ್ಲಿನ ಕ್ಯಾಂಪಿನ ಕುದುರೆಗಳಿಗೆ ಹುಲ್ಲು, ಹುರುಳಿ ಪೂರೈಸುತ್ತಿದ್ದ ಗುತ್ತಿಗೆದಾರ. ಒಬ್ಬ ಗೋರಾ ಅಧಿಕಾರಿ ಆ ಅಜ್ಜನನ್ನು ಖುಷಿಗೆಂದು ಒಮ್ಮೆ ಮೇಲೆ ಕರೆದೊಯ್ದನಂತೆ. ಅಜ್ಜ ಇಳಿದವನೇ ರುಮಾಲಿನ ತುಂಬ ವಾಂತಿ ಮಾಡಿಕೊಂಡು, "ಇದು ನನ್ನ ಕೈಲೆ ಆಗೂದಲ್ಲ, ನನ್ನ ಮಗಳು ಕಲೀತಾಳ" ಎಂದನಂತೆ. ಮಗಳು ಕಲಿತಳು. ಕಚ್ಚೆ ಹಾಕಿದ ಇಳಕಲ್ ಸೀರೆ, ಮೇಲೊಂದು ಚರ್ಮದ ಕೋಟು, ಕಣ್ಣಿಗೆ ಈ ಕನ್ನಡಕ. ಈ ಭಾಗದಲ್ಲಿ ಒಬ್ಬಳೇ ವಿಮಾನ ಏರಿಸಿ ಒಬ್ಬಳೇ ಇಳಿಸಿದ ಮೊದಲ ಹೆಣ್ಣುಮಗಳು ಅವಳೇ ಎಂದು ನನ್ನ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಅವ್ವ ಒಳಗಿನಿಂದ, "ಮೊದಲನೇಕಿ ಯಾರೋ ಏನೋ, ಅಲ್ಲಿ ಗೆರಿ ಹೊಡದು ಎಲ್ಲಾರನ್ನೂ ಸಾಲಾಗಿ ನಿಲ್ಲಿಸಿದ್ರೇನು?" ಎನ್ನುತ್ತಿದ್ದಳು.

ಅವ್ವನ ಧೈರ್ಯ ನನಗೆ ಬರಲಿಲ್ಲ. ಅಜ್ಜನ ಹೊಟ್ಟೆ ಮಾತ್ರ ಬಂತು. ಲಕ್ಷ್ಮೀ ರಸ್ತೆಯಲ್ಲಿ ನಮ್ಮದು ಇಳಕಲ್ ಸೀರೆಯ ಅಂಗಡಿ. ಗಿರಾಕಿಗಳು ಮೇಲಿನ ಹಲಗೆಯ ಸೀರೆಗೆ ಬೆರಳು ಮಾಡಿದರೆ, ಏಣಿ ಹತ್ತುವ ಹುಡುಗರು ಆ ಹೊತ್ತಿಗೆ ಇಲ್ಲದಿದ್ದರೆ, "ಅದು ಬಣ್ಣ ಬಿಡ್ತದರಿ ಬಾಯಾರ, ನೀವು ಇದನ್ನ ನೋಡ್ರಿ" ಎಂದು ಸೊಂಟದ ಎತ್ತರದ ಸೀರೆಗಳನ್ನೇ ತೋರಿಸುತ್ತೇನೆ. ಸ್ಟೂಲಿನ ಮೇಲೆ ನಿಂತರೂ ನನ್ನ ಅಂಗಾಲು ಬೆವರುತ್ತದೆ. ಆಕಾಶ ಮುಟ್ಟಿ ಬಂದವಳ ಹೊಟ್ಟೆಯಲ್ಲಿ ಇಂಥವನು ಹುಟ್ಟಿದನಲ್ಲ ಎಂದು ನೆಂಟರು ಆಡಿಕೊಳ್ಳುತ್ತಿದ್ದುದು ಸುಳ್ಳಲ್ಲ.

ಅವ್ವ ಹಾರಾಟದ ಕತೆಗಳನ್ನು ಕೇಳಿದರೆ ಮಾತ್ರ ಹೇಳುತ್ತಿದ್ದಳು. ನನಗೆ ಇಷ್ಟದ್ದು ತಳೇಗಾಂವದ ಕತೆ. ಈಗ ಕಾರ್ಖಾನೆಗಳು ಸಾಲಾಗಿ ನಿಂತಿವೆಯಲ್ಲ, ಅಲ್ಲಿ ಆಗ ಬರೀ ಜೋಳ. ಅದರ ಮೇಲೆ ಹೋಗುತ್ತಿದ್ದಾಗ ಅವ್ವನ ಎಂಜಿನ್ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಮುಂದಿನ ಪಂಖ ಕೋಲಿನ ಹಾಗೆ ನೆಟ್ಟಗೆ ನಿಂತದ್ದು ಕಣ್ಣೆದುರಿಗೇ ಕಾಣುತ್ತಿತ್ತಂತೆ. "ಅಂಜಿಕಿ ಬರಲಿಲ್ಲೇನವ್ವಾ?" ಎಂದು ನಾನು ಪ್ರತಿ ಸಲವೂ ಕೇಳುತ್ತಿದ್ದೆ. "ಮ್ಯಾಲಿದ್ದಾಗ ಬರೂದಿಲ್ಲೋ. ಭಾಳ ಶಾಂತ ಅನಸ್ತದ. ಗಾಳಿ ಒಂದ ಸುಂಯ್ ಅಂತದ. ಅಂಜಿಕಿ ಬರೂದು ಇಳದ ಮ್ಯಾಲ" ಎನ್ನುತ್ತಿದ್ದಳು. ತೆನೆಗಳ ನಡುವೆ ಇಳಿಸಿದಳು. ಹೊಲದವರು ಓಡಿಬಂದರು. ಬೆಳೆ ಹಾಳಾಯಿತೆಂದು ಬಯ್ಯುತ್ತಾರೆ ಎಂದು ಇವಳು ನಡುಗುತ್ತ ಕೂತಿದ್ದರೆ, ಆ ಹೆಂಗಸರು ವಿಮಾನಕ್ಕೆ ಕುಂಕುಮ ಹಚ್ಚಿ, ಆರತಿ ಬೆಳಗಿ, ಇವಳ ಕೈಗೆ ಭಾಕ್ರಿ ಮತ್ತು ಖಾರದ ಹಿಂಡಿ ಇಟ್ಟರಂತೆ.

ಇಷ್ಟೆಲ್ಲ ಮಾಡಿದವಳು ನಾನು ಹುಟ್ಟಿ ಒಂದು ವರ್ಷವೂ ಆಗುವ ಮುಂಚೆ ಹಾರುವುದನ್ನು ಬಿಟ್ಟುಬಿಟ್ಟಳು. ಯಾಕೆ ಬಿಟ್ಟೆ ಎಂದರೆ, "ನಿನ್ನ ಎತ್ತಿಕೊಳ್ಳಿಕ್ಕೆ ಎರಡೂ ಕೈ ಬೇಕಾದ್ವು" ಎನ್ನುತ್ತಿದ್ದಳು. ನಾನು ದಪ್ಪ ಕೂಸಾಗಿದ್ದೆ. ನಂಬಿದೆ.

ನಂಬಬಾರದಿತ್ತು. ಕಣ್ಣಿಗೆ ಹೊಡೆಯುವ ಹಾಗಿದ್ದ ಎಷ್ಟೋ ಸಂಗತಿಗಳನ್ನು ನಾನು ನೋಡಿಯೂ ನೋಡಿರಲಿಲ್ಲ. ನಾವು ಪುಣೆಯಲ್ಲಿ ಮನೆ ಬದಲಿಸಿದಾಗಲೆಲ್ಲ ನೆಲಮಟ್ಟದ ಮನೆಗೇ ಹೋದೆವು. ಗಟಾರದ ವಾಸನೆ, ಸೊಳ್ಳೆ, ಮೇಲಿನವರು ಕುಂಡಕ್ಕೆ ಹಾಕಿದ ನೀರು, ಎಲ್ಲ ನಮ್ಮ ಪಾಲಿಗೆ. ಮೂರನೇ ಮಹಡಿಯಲ್ಲಿ ಗಾಳಿ ಬೆಳಕಿನ ಮನೆ ಸಿಕ್ಕರೂ ಅವ್ವ "ಒಲ್ಲೆ" ಎಂದಳು. ದಿಲ್ಲಿಯಲ್ಲಿದ್ದ ಅವಳ ತಮ್ಮ ವಿಮಾನದ ಟಿಕೆಟ್ ಕಳಿಸಿದರೆ ಅದನ್ನು ಹಿಂದಕ್ಕೆ ಕಳಿಸಿ ರೈಲಿನಲ್ಲಿ ಹೋದಳು. ಪಂಚಮಿಗೆ ನಮ್ಮ ಹೆಣ್ಣುಮಕ್ಕಳು ಜೋಕಾಲಿ ಕಟ್ಟುತ್ತಾರಲ್ಲ, ಮುದುಕಿಯರೂ ಸೀರೆ ಸೆಕ್ಕಿ ಒಂದು ಸುತ್ತು ಜೀಕುತ್ತಾರೆ. ಅವ್ವ ಮಾತ್ರ ಒಂದು ಸಲವೂ ಜೋಕಾಲಿ ಏರಿದ್ದನ್ನು ನಾನು ನೋಡಲಿಲ್ಲ. ಹಿಂದೆ ನಿಂತು ಎಲ್ಲರನ್ನೂ ತೂಗುತ್ತಿದ್ದಳು. ಎಂಥ ಜೋರಾಗಿ ತೂಗುತ್ತಿದ್ದಳೆಂದರೆ ಕೂತವರು ಕಿರುಚುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ದಿನ ಜೋಗಳೇಕರ್ ಎನ್ನುವವರು ಹೆಂಡತಿಯನ್ನು ಕರೆದುಕೊಂಡು ಸೀರೆ ಕೊಳ್ಳಲು ನಮ್ಮ ಅಂಗಡಿಗೆ ಬಂದರು. ವಾಯುಪಡೆಯಿಂದ ನಿವೃತ್ತರಾಗಿ, ಹಡಪ್ಸರದ ಆಚೆಯ ಬಯಲಿನಲ್ಲಿ ಗ್ಲೈಡರ್ ಹಾರಿಸುವುದನ್ನು ಕಲಿಸುತ್ತಿದ್ದವರು. ಗ್ಲೈಡರ್ ಎಂದರೆ ಎಂಜಿನ್ನೇ ಇಲ್ಲದ, ಬರೀ ಗಾಳಿಯ ಮೇಲೆ ತೇಲುವ ವಿಮಾನ. ಮಾತಿಗೆ ಮಾತು ಬಂದು ನಾನು ಅವ್ವನ ವಿಷಯ ಹೇಳಿದೆ. ಆ ಮನುಷ್ಯ ಸೀರೆ ಬಿಟ್ಟು ಎದ್ದೇ ನಿಂತರು. ಆಜಿಯನ್ನು ಕರೆದುಕೊಂಡು ಬನ್ನಿ, ಇಬ್ಬರು ಕೂಡುವ ಗ್ಲೈಡರ್ ಇದೆ, ಹಿಂದೆ ನಾನು ಕೂಡುತ್ತೇನೆ, ಮುಂದೆ ಅವರು ಕೂಡಲಿ ಎಂದು ಮರಾಠಿಯಲ್ಲಿ ಮತ್ತೆ ಮತ್ತೆ ಹೇಳಿದರು. ಅವರ ಹೆಂಡತಿ ಆ ದಿನ ಸೀರೆಯಿಲ್ಲದೆ ಹೋದರು.

ನನಗೆ ಇನ್ನೊಂದು ಅವಸರವಿತ್ತು. ಅವ್ವನಿಗೆ ಕಾಚಬಿಂದು. ಕಣ್ಣಿನೊಳಗೆ ಒತ್ತಡ ಏರಿ ಏರಿ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದರಲ್ಲಿ ಬಳೆಯ ತೂತಿನಿಂದ ನೋಡಿದಷ್ಟೇ ಕಾಣುತ್ತಿತ್ತು. ಬರುವ ದೀಪಾವಳಿಯ ದೀಪ ಕಂಡರೆ ಪುಣ್ಯ ಎಂದು ಡಾಕ್ಟರು ನನಗೊಬ್ಬನಿಗೇ ಹೇಳಿದ್ದರು. ಅವ್ವನಿಗೆ ಯಾರೂ ಹೇಳಬೇಕಾಗಿರಲಿಲ್ಲ, ಅವಳಿಗೇ ಗೊತ್ತಿತ್ತು.

ಓಡಿಕೊಂಡು ಮನೆಗೆ ಬಂದೆ. ಅವ್ವ ಕನ್ನಡಕ ಹಾಕಿಕೊಂಡು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಕಣ್ಣು ಹೋದರೂ ಬೆರಳಿಗೆ ಲೆಕ್ಕ ಗೊತ್ತಿತ್ತು. ಜೋಗಳೇಕರರ ಮಾತನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ.

"ಆಗೂದಿಲ್ಲ" ಎಂದಳು.

"ಯಾಕ ಆಗೂದಿಲ್ಲ? ಅವರು ಹಿಂದ ಕೂಡತಾರ. ನೀ ಸುಮ್ಮನ ಕೂತರೂ ನಡೀತದ."

"ಆಗೂದಿಲ್ಲ ಅಂದ್ನೆಲ್ಲ, ಪ್ರಭ್ಯಾ."

"ಅವ್ವಾ, ಮುಂದಿನ ವರ್ಷ ಕೇಳಿದ್ರ ಇರೂದಿಲ್ಲ ಇದು. ನಿನ್ನ ಕಣ್ಣು..." ಎಂದವನು ನಾಲಿಗೆ ಕಚ್ಚಿಕೊಂಡೆ.

ಅವ್ವ ಈಳಿಗೆಯಿಂದ ಕೈ ತೆಗೆದಳು. ಕನ್ನಡಕ ತೆಗೆಯಲಿಲ್ಲ. "ಕೂಡು ಇಲ್ಲೆ" ಎಂದಳು. ನಾನು ನೆಲದ ಮೇಲೆ ಕೂತೆ.

"ನೀ ಒಂಬತ್ತು ತಿಂಗಳ ಕೂಸು. ಗಂಟಲಮಾರಿ ಬಂತು ನಿನಗ. ಮುಂಜಾನೆ ಬರೇ ಜ್ವರ ಇತ್ತು, ಅಂತ ನಾ ಮೈದಾನಕ್ಕ ಹೋಗಿದ್ದೆ. ಮ್ಯಾಲ ಇದ್ದೆ ನಾ, ಚೊಲೋ ಗಾಳಿ ಇತ್ತು, ಇಳೀಲಿಕ್ಕೆ ಮನಸಾಗಲಿಲ್ಲ. ಮನೀಗೆ ಬಂದು ನೋಡ್ತೀನಿ, ನೀ ನೀಲಿ ಆಗಿದ್ದಿ. ಉಸಿರು ಒಳಗ ಹೋಗವಲ್ಲದು. ನಿಮ್ಮಜ್ಜಿ ಬೈಲಿಲ್ಲ ನನಗ. ಬೈದಿದ್ರ ಚೊಲೋ ಇತ್ತು. ನನ್ನ ಕೈಯಾಗ ಮೈಲಾರಲಿಂಗನ ಭಂಡಾರ ಹಾಕಿದ್ರು. ನಾ ಅಂದ್ಹಂಗ ಅನ್ನು ಅಂದ್ರು. ಈ ಕೂಸು ಉಳದ್ರ ನಾ ಇನ್ನ ನೆಲಾ ಬಿಡೂದಿಲ್ಲ. ಅಂದೆ."

"ಡಾಕ್ಟರು ಬಂದಿದ್ರಲ್ಲ? ಸೂಜಿ ಹಾಕಿರಬೇಕಲ್ಲ?"

"ಹಾಕಿದ್ರು. ಸೂಜಿಲೆ ಉಳದ್ಯೋ, ಮೈಲಾರ ಮಲ್ಲಯ್ಯ ಉಳಿಸಿದನೋ, ಯಾರಿಗೆ ಗೊತ್ತು? ಪರೀಕ್ಷಾ ಮಾಡಿ ನೋಡೂಣು ಅಂದ್ರ, ಪರೀಕ್ಷಾಕ್ಕ ಇಡೂದು ನಿನ್ನನ್ನ."

ಅವ್ವ ಮತ್ತೆ ಹೆಚ್ಚತೊಡಗಿದಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ. ಹರಕೆ ಹೊರಿಸಿದ ಅಜ್ಜಿ ಎಂದೋ ಹೋಗಿದ್ದಳು. ಮಲ್ಲಯ್ಯನ ಮೇಲೆ ಸಿಟ್ಟಾಗುವ ಎದೆ ನನಗಿಲ್ಲ. ಐವತ್ತು ವರ್ಷ ಈ ಹೆಂಗಸು ಮಹಡಿ ಹತ್ತದೆ, ಜೋಕಾಲಿ ಏರದೆ, ನನ್ನ ಉಸಿರನ್ನು ನೆಲಕ್ಕೆ ಒತ್ತಿ ಹಿಡಿದುಕೊಂಡು ಕೂತಿದ್ದಳು. ನಾನು ಅದೇ ಉಸಿರಿನಿಂದ, ಸೊಳ್ಳೆ ಜಾಸ್ತಿ, ಗಟಾರ ನಾರುತ್ತದೆ ಎಂದು ಗೊಣಗುತ್ತಿದ್ದೆ. "ನಾ ಇದನ್ನೆಲ್ಲ ನಂಬೂದಿಲ್ಲ. ನಾಳೇನ ಹೋಗೂಣು ನಡೀ" ಎಂದು ಕೂಗಿ ಎದ್ದೆ.

ನಂಬುವುದಿಲ್ಲ ಎಂದವನಿಗೆ ಮರುದಿನ ಅಂಗಡಿಯಲ್ಲಿ ಎಡಗೈ ಜುಮುಗುಟ್ಟತೊಡಗಿತು. ಮಧ್ಯಾಹ್ನದ ಹೊತ್ತಿಗೆ ಎದೆಯಲ್ಲಿ ಏನೋ ಹಿಡಿದಂತಾಯಿತು. ಡಾಕ್ಟರು ಯಂತ್ರಕ್ಕೆ ಹಚ್ಚಿ ನೋಡಿ, "ವಾಯು, ಬಟಾಟೆ ವಡಾ ಕಡಿಮೆ ಮಾಡ್ರಿ" ಎಂದರು. ಕಾಗದದ ಮೇಲಿನ ಗೆರೆಗಳು ಸರಿಯಾಗಿಯೇ ಇದ್ದವು. ಆದರೂ ನನಗೆ ಸಮಾಧಾನವಾಗಲಿಲ್ಲ. ಅಂಗಡಿಯ ಬಾಗಿಲಿಗೆ ಶನಿವಾರ ಶನಿವಾರ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟುವವನು ನಾನು. ನಂಬುವುದಿಲ್ಲ ಎಂದು ಅಡುಗೆಮನೆಯಲ್ಲಿ ಕೂಗುವುದು ಸುಲಭ, ಪ್ರಾಣ ಒತ್ತೆಯಿಟ್ಟು ನಂಬದಿರುವುದು ಬೇರೆ. ಹೆದರಿಕೆಯಾಗಿತ್ತು, ಅಷ್ಟೇ.

ನನ್ನ ಹೆಂಡತಿ ಸುಮಿತ್ರಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮೂರನೆಯ ದಿನ ಊಟಕ್ಕೆ ಬಡಿಸುತ್ತ, "ರೀ, ಬಾಯಿಲೆ ಕಟ್ಟಿದ್ದು ಬಾಯಿಲೇನ ಬಿಚ್ಚಬೇಕು. ಜೇಜುರಿಗೆ ಹೋಗಿ ಬರೂಣು" ಎಂದಳು. ನಮ್ಮ ಮೈಲಾರಲಿಂಗನೇ ಇಲ್ಲಿ ಜೇಜುರಿಯ ಖಂಡೋಬಾ. ಅಲ್ಲಿ ಹರಕೆ ಹೊರುವುದಕ್ಕೆ ದಾರಿ ಇದ್ದ ಮೇಲೆ ಇಳಿಸುವುದಕ್ಕೂ ಇರಲೇಬೇಕು ಎಂಬುದು ಅವಳ ತರ್ಕ. "ನಿನಗ ಅಂಜಿಕಿ ಇಲ್ಲೇನು?" ಎಂದೆ. "ಅದ. ಆದ್ರ ಅತ್ತಿಯವರು ದಿನಾ ಮುಂಜಾನೆ ಹಿತ್ತಲದಾಗ ನಿಂತು ಮುಖಾ ಮ್ಯಾಲ ಮಾಡಿ ಗಾಳಿ ನೋಡ್ತಾರ. ನೀವು ನೋಡಿಲ್ಲ, ನಾ ನೋಡೀನಿ" ಎಂದಳು.

ಜೇಜುರಿಯ ಮೆಟ್ಟಿಲು ನಿಮಗೆ ಗೊತ್ತಿದ್ದರೆ ನನ್ನ ಪಾಡು ತಿಳಿಯುತ್ತದೆ. ಹಿಂದಿರುಗಿ ನೋಡಿದರೆ ಊರು ಕಾಲಡಿಗೆ ಬಿದ್ದಿರುತ್ತದೆ. ನಾನು ಮುಂದಿನವನ ಹಿಮ್ಮಡಿ ನೋಡುತ್ತ ಏರಿದೆ. ಅವ್ವ ಸುಮಿತ್ರಾಳ ಹೆಗಲ ಮೇಲೆ ಕೈಯಿಟ್ಟು ಒಂದೊಂದೇ ಮೆಟ್ಟಿಲು ಕಾಲಿನಿಂದ ತಡವಿ ಹತ್ತಿದಳು. ಕಲ್ಲು ಭೂಮಿಯದೇ, ಅದರ ಮೇಲೆ ನಿಂತರೆ ನೆಲ ಬಿಟ್ಟಂತಲ್ಲ ಎಂದು ಅವಳೇ ಹೇಳಿಕೊಂಡಳು. ಸುತ್ತ ಮರಾಠಿಯವರ "ಯಳಕೋಟ", ನಮ್ಮ ಕಡೆಯವರ "ಏಳುಕೋಟಿ" ಎರಡೂ ಕೂಡಿಕೊಂಡು ಕೇಳುತ್ತಿದ್ದವು, ಅರಿಸಿನದ ಭಂಡಾರ ಮೋಡದ ಹಾಗೆ ಹಾರುತ್ತಿತ್ತು.

ಪೂಜಾರಿ ಮುದುಕ, ಕೆನ್ನೆಯೊಳಗೆ ತಂಬಾಕು. ಸುಮಿತ್ರಾ ಮರಾಠಿಯಲ್ಲಿ ಎಲ್ಲ ಬಿಡಿಸಿ ಹೇಳಿದಳು. ಅವನು ನಮ್ಮ ಮೂವರನ್ನೂ ನೋಡಿ, ಯಾರ ಜೀವಕ್ಕಾಗಿ ಮಾತು ಕೊಟ್ಟಿದ್ದೋ ಅವನೇ ಬಿಡಿಸಬೇಕು, ತಾಯಿ ಬಿಡಿಸಿದರೆ ನಡೆಯುವುದಿಲ್ಲ ಎಂದ. ನನ್ನ ಬೊಗಸೆಗೆ ಭಂಡಾರ ಸುರಿದ. ನಾನು ಬೆಳೆದಿದ್ದೇನೆ, ನನ್ನ ಕಾಲ ಮೇಲೆ ನಿಂತಿದ್ದೇನೆ, ನಮ್ಮ ತಾಯಿ ಕೊಟ್ಟ ಮಾತನ್ನು ನಿನಗೆ ತಿರುಗಿ ಒಪ್ಪಿಸುತ್ತೇನೆ ಎಂದು ಹೇಳಿ ಮೇಲಕ್ಕೆ ತೂರಬೇಕು. ಅಷ್ಟೇ.

ಬೊಗಸೆ ಎತ್ತಿದ್ದೆ. ಅವ್ವ ತಡವಿ ನನ್ನ ಮಣಿಕಟ್ಟು ಹಿಡಿದಳು.

"ಸಾಕು ಪ್ರಭ್ಯಾ. ದರ್ಶನಾ ಆತಲ್ಲ. ನಡೀ ಮನಿಗೆ."

"ಕೈ ಬಿಡವ್ವಾ."

"ನಾ ಹಾರೀನಿ. ಹೊಟ್ಟಿ ತುಂಬ ಹಾರೀನಿ. ಇನ್ನ ಆಶಾ ಇಲ್ಲ ನನಗ."

"ಸುಳ್ಳು ಹೇಳಬ್ಯಾಡ, ದೇವರ ಮುಂದ."

ಅವಳ ಕೈ ಸಡಿಲಾಯಿತು. ನಾನು ಗಟ್ಟಿಯಾಗಿ ಹೇಳತೊಡಗಿದೆ. ಒಂದು ಮಾತೂ ಬಿಡದೆ ಹೇಳಿದೆ. ಕೊನೆಯ ಮಾತು ಬಾಯಿಂದ ಬೀಳುತ್ತಲೇ ಭಂಡಾರ ತೂರಿದೆ. ಅದು ದೇವರ ಕಡೆ ಹೋಗಲಿಲ್ಲ, ನೆಟ್ಟಗೆ ನನ್ನ ಮೂಗಿಗೆ ಬಂತು. ಗುಡಿ ಗದಗದ ನಡುಗುವ ಹಾಗೆ ಸೀನಿದೆ.

ಒಂದು.

ಒಂಟಿ ಸೀನು ಎಂದರೆ ನಮ್ಮಲ್ಲಿ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಒಂಟಿ ಸೀನು ಬಿತ್ತೆಂದು ನಿಶ್ಚಿತಾರ್ಥಕ್ಕೆ ಹೊರಟವರು ಚಪ್ಪಲಿ ಬಿಚ್ಚಿ ಒಳಗೆ ಬಂದು ಕೂತದ್ದನ್ನು ನಾನೇ ಕಂಡಿದ್ದೇನೆ. ಎರಡನೆಯದು ಬಂದರೆ ದೋಷ ಹೋಯಿತು. ಮೂವರೂ ಉಸಿರು ಬಿಗಿಹಿಡಿದು ಎರಡನೆಯದಕ್ಕೆ ಕಾದೆವು. ಮೂಗು ಕೆರೆಯಿತು, ಬಾಯಿ ತೆರೆಯಿತು, ಬರಲಿಲ್ಲ. ಸುಮಿತ್ರಾ ಸೆರಗಿನ ತುದಿಯನ್ನು ಬತ್ತಿಯ ಹಾಗೆ ಹೊಸೆದು, ಸಾಕ್ಷಾತ್ ಖಂಡೋಬನ ಎದುರಿಗೆ, ಗಂಡನ ಮೂಗಿಗೆ ತುರುಕಿದಳು. ಕಣ್ಣಲ್ಲಿ ನೀರು ಬಂತು, ಸೀನು ಬರಲಿಲ್ಲ. ಹಿಂದಿನ ಸಾಲಿನವರು ನುಗ್ಗತೊಡಗಿದರು. ಪೂಜಾರಿ ನಕ್ಕು, "ಭಂಡಾರ್‍ಯಾಚೀ ಶಿಂಕ ಕೋಣ ಮೋಜತೋ?" ಎಂದ. ಭಂಡಾರದ ಸೀನನ್ನು ಯಾರು ಲೆಕ್ಕ ಹಿಡಿಯುತ್ತಾರೆ ಎಂದು. ಸುಮಿತ್ರಾ ನಕ್ಕಳು, ನಾನೂ ನಕ್ಕೆ. ಅವ್ವ ನಗಲಿಲ್ಲ.

ಮರಳುವ ಬಸ್ಸಿನಲ್ಲಿ ಅವಳು ಮಾತಾಡಿದ್ದು ಒಂದೇ ಸಲ. "ಒಂದ ಬಂತು" ಎಂದಳು. ಆಮೇಲಿನ ದಿನಗಳಲ್ಲಿ ನನ್ನ ಸಾರಿನಲ್ಲಿ ಮೆಣಸು ಹೆಚ್ಚಾಯಿತು. ಬೆಳಗ್ಗೆ ಎದ್ದ ಕೂಡಲೇ, "ಸೀನು ಬಂತೇನೋ?" ಎನ್ನುವಳು. ಒಂದು ದಿನ ತಾಳಲಾರದೆ ಬಚ್ಚಲಿನಲ್ಲಿ ನಿಂತು ಜೋರಾಗಿ ಸೀನಿದಂತೆ ಮಾಡಿದೆ. ಹೊರಗಿನಿಂದ, "ಆ ಸೀನು ಖೊಟ್ಟಿ ಅದ" ಎಂದಳು. ಹೀಗೆಯೇ ಬಿಟ್ಟರೆ ದೀಪಾವಳಿ ಬರುತ್ತದೆ, ಇವಳು ನನ್ನ ಮೂಗು ಕಾಯುತ್ತ ಕೂತಿರುತ್ತಾಳೆ ಎಂದು ತಿಳಿದು ನಾನೇ ಜೋಗಳೇಕರರಿಗೆ ಫೋನು ಮಾಡಿದೆ. ಭಾನುವಾರ ಬರುತ್ತೇವೆ ಎಂದೆ. ಅವ್ವನಿಗೆ ಹೇಳಿದೆ. ಅವಳು ಬೇಡ ಎನ್ನಲಿಲ್ಲ, ಆಗಲಿ ಎನ್ನಲೂ ಇಲ್ಲ. ಶನಿವಾರ ಮಾತ್ರ ಪೆಟ್ಟಿಗೆಯ ಅಡಿಯಿಂದ ಕಡುನೀಲಿ ಇಳಕಲ್ ತೆಗೆದು ಬಿಸಿಲಿಗೆ ಹಾಕಿದಳು.

ಬಯಲಿನಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಆ ಗ್ಲೈಡರನ್ನು ನೋಡಿಯೇ ನನ್ನ ಜೀವ ಅರ್ಧ ಹೋಯಿತು. ಉದ್ದನೆಯ ರೆಕ್ಕೆ, ಕಡ್ಡಿಯಂಥ ಮೈ, ಕೆಳಗೆ ಒಂದೇ ಒಂದು ಗಾಲಿ. ಬಯಲಿನ ಆ ತುದಿಯಲ್ಲಿ ಉಕ್ಕಿನ ತಂತಿ ಸುತ್ತುವ ಯಂತ್ರ. ಅದು ರಭಸದಿಂದ ತಂತಿ ಎಳೆದರೆ ಈ ತುದಿಯ ಗ್ಲೈಡರು ಗಾಳಿಪಟದ ಹಾಗೆ ಏರಬೇಕು. ಕಚ್ಚೆ ಬಿಗಿದು ಕೂತ ಅವ್ವನಿಗೆ ಸುಮಿತ್ರಾ ಪಟ್ಟಿ ಕಟ್ಟಿದಳು. ಜೋಗಳೇಕರ್ ಹಿಂದಿನ ಕುರ್ಚಿಗೆ ಇಳಿದರು. ಅವ್ವ ಮುಂದಿನ ಕೋಲನ್ನು ಹಿಡಿದು ನಿಧಾನಕ್ಕೆ ಆ ಕಡೆ ಈ ಕಡೆ ಆಡಿಸಿ, ತಲೆ ವಾಲಿಸಿ, ರೆಕ್ಕೆಯ ಕೀಲಿನ ಸಪ್ಪಳ ಕೇಳಿದಳು. ನಾನು ಹುಟ್ಟಿದಾಗಿನಿಂದ ನೋಡಿದ ಅವ್ವ ಅಲ್ಲ ಅವಳು. ಮುಚ್ಚಳ ಹಾಕುವ ಮೊದಲು ನನ್ನನ್ನು ಕರೆದಳು.

"ಆ ಜಾಲಿಗಿಡದ ಮುಂದ ನಿಂದರು. ಎಷ್ಟ ಹೊತ್ತಾದ್ರೂ ಕೂಡಬ್ಯಾಡ."

"ಯಾಕವ್ವಾ?"

"ನಿಂದರು ಅಂದ್ನೆಲ್ಲ."

ನಿಂತೆ. ತಂತಿ ಹುಲ್ಲಿನಲ್ಲಿ ಸರಸರನೆ ಬಿಗಿಯಿತು. ಗ್ಲೈಡರು ಉರುಳಿತು, ನೆಲ ಬಿಟ್ಟಿತು, ಮೂತಿ ಎತ್ತಿ ಗೋಡೆ ಹತ್ತುವಂತೆ ಏರಿತು. ಈಗ ತಂತಿ ಹರಿಯುತ್ತದೆ, ಈಗ ಮಗುಚುತ್ತದೆ ಎಂದು ನನ್ನ ಹಲ್ಲು ಹಲ್ಲಿಗೆ ಕೂತಿತು. ಮೇಲೆ ಹೋಗಿ ತಂತಿ ಕಳಚಿ ಕೆಳಗೆ ಬಿತ್ತು. ಅಲ್ಲಿಂದ ಸದ್ದೇ ಇಲ್ಲ. ಐವತ್ತು ವರ್ಷಗಳಲ್ಲಿ ಮೊದಲ ಸಲ ಅವ್ವ ನೆಲ ಬಿಟ್ಟಿದ್ದಳು.

ನಾನು ಬಲಗೈ ಬೆರಳುಗಳನ್ನು ಎಡಗೈ ನಾಡಿಯ ಮೇಲಿಟ್ಟುಕೊಂಡೆ. ಅದು ಓಡುತ್ತಿತ್ತು, ಒಮ್ಮೆ ತಪ್ಪಿದ ಹಾಗೆ ಅನಿಸುತ್ತಿತ್ತು. ಎಡಗೈ ಮತ್ತೆ ಜುಮುಗುಟ್ಟಿತು. ವಾಯು, ಬರೀ ವಾಯು ಎಂದು ಹೇಳಿಕೊಂಡೆ. ಅಂಗಿ ಬೆನ್ನಿಗೆ ಅಂಟಿತು, ಕಣ್ಣಿಗೆ ಕತ್ತಲೆ ಬಂದಂತಾಯಿತು. ಸುಮಿತ್ರಾ ನೀರು ತಂದಳು. "ಕೂಡ್ರಿ, ಮುಖ ಬೆಳ್ಳಗಾಗೇದ, ಕೂಡ್ರಿ ಅಂತೀನಿ" ಎಂದು ತೋಳು ಜಗ್ಗಿದಳು. "ಅವ್ವ ಕೂಡಬ್ಯಾಡ ಅಂದಾಳ" ಎಂದು ಹಲ್ಲು ಕಚ್ಚಿ ನಿಂತೆ. ಮೇಲೆ ಒಂದು ಹದ್ದು ರೆಕ್ಕೆ ಬಡಿಯದೆ ಸುತ್ತುತ್ತಿತ್ತು. ಹದ್ದು ಸುತ್ತುವಲ್ಲಿ ಗಾಳಿ ಮೇಲಕ್ಕೆ ಏಳುತ್ತದೆ, ಅದರ ಕೆಳಗೆ ಹೋದರೆ ಬೇಕಾದಷ್ಟು ಹೊತ್ತು ಮೇಲೆಯೇ ಇರಬಹುದು ಎಂದು ಜೋಗಳೇಕರ್ ಮೊದಲೇ ಹೇಳಿದ್ದರು. ಗ್ಲೈಡರು ನೆಟ್ಟಗೆ ಆ ಹದ್ದಿನ ಕೆಳಗೆ ಹೋಯಿತು. ಸುತ್ತು ಹಾಕುತ್ತ ಏರಿತು. "ನೋಡ್ರಿ, ಅತ್ತಿಯವರು ಹೆಂಗ ಹೊಂಟಾರ!" ಎಂದು ಸುಮಿತ್ರಾ ಚಪ್ಪಾಳೆ ತಟ್ಟಿದಳು. ಅಷ್ಟರಲ್ಲಿ ಅದು ಹದ್ದನ್ನು ಬಿಟ್ಟಿತು. ಮೂತಿ ತಗ್ಗಿಸಿ ಅವಸರ ಅವಸರವಾಗಿ ಕೆಳಗಿಳಿಯತೊಡಗಿತು.

ಸುಮಿತ್ರಾಳ ಕೈ ಅರ್ಧಕ್ಕೇ ನಿಂತಿತು. ಇಷ್ಟು ಬೇಗ ಯಾಕೆ? ಮೇಲೆ ಅವ್ವನಿಗೇ ಏನೋ ಆಗಿದೆ. ನನ್ನ ಜೀವದ ಲೆಕ್ಕ ಮಾಡುತ್ತ ನಿಂತಿದ್ದ ನಾನು ಅವಳ ವಯಸ್ಸನ್ನು ಮರೆತೇ ಬಿಟ್ಟಿದ್ದೆ. ಮಲ್ಲಯ್ಯಾ, ನನ್ನನ್ನು ಬೇಕಾದರೆ ಒಯ್ಯಿ, ಅವಳನ್ನು ನೆಟ್ಟಗೆ ಇಳಿಸು ಎಂದು ಬಾಯಿಬಿಟ್ಟೇ ಅಂದೆ. ಗ್ಲೈಡರು ನಮ್ಮ ಜಾಲಿಗಿಡದ ಮೇಲೆಯೇ ತಗ್ಗಿನಲ್ಲಿ ಹಾದು, ಬಯಲಿಗೆ ತಿರುಗಿ, ಒಮ್ಮೆ ಕುಪ್ಪಳಿಸಿ, ಉರುಳಿ, ರೆಕ್ಕೆ ವಾಲಿಸಿ ನಿಂತಿತು.

ಮುಚ್ಚಳ ತೆರೆಯಿತು. ಅವ್ವ ತಾನಾಗಿಯೇ ಇಳಿದಳು. ಮಾಲೆ ಹಿಡಿದು ನಿಂತ ಜೋಗಳೇಕರರ ಶಿಷ್ಯರನ್ನು ದಾಟಿ, ಎರಡೂ ಕೈ ಮುಂದೆ ಚಾಚಿ, ಎಡವುತ್ತ ಎಡವುತ್ತ ಜಾಲಿಗಿಡದ ಕಡೆ ಬಂದಳು.

"ಪ್ರಭ್ಯಾ? ಇದ್ದೀಯೇನೋ?"

"ಇಲ್ಲೇ ಇದ್ದೀನವ್ವಾ."

ಅವಳ ಅಂಗೈ ನನ್ನ ಅಂಗಿಯನ್ನು ತಡವಿ ಎದೆಯ ಮೇಲೆ ಬಂದು ನಿಂತಿತು. ತೆಗೆಯಲಿಲ್ಲ.

ಜೋಗಳೇಕರ್ ಹಿಂದೆಯೇ ಬಂದರು. ಟೋಪಿ ತೆಗೆದು ಬೆವರು ಒರೆಸಿಕೊಂಡು, ನಂಬಲಾರದವರಂತೆ ತಲೆ ಅಲ್ಲಾಡಿಸುತ್ತ ಹೇಳಿದರು. ತಂತಿ ಕಳಚಿದ ಮೇಲೆ ಪೂರ್ತಿ ಅವ್ವನ ಕೈಗೇ ಕೊಟ್ಟಿದ್ದರಂತೆ. ಹದ್ದು ಎಲ್ಲಿದೆ ಎಂದು ಇವರು ಬಾಯಲ್ಲಿ ಹೇಳಿದರೆ ಸಾಕು, ಉಳಿದದ್ದೆಲ್ಲ ಅವಳ ಕೈಯೇ ಮಾಡಿತಂತೆ. ಅಂಥ ಗಾಳಿ ಸಿಕ್ಕಿತ್ತು, ಸಂಜೆಯವರೆಗೆ ಕೂತಿರಬಹುದಿತ್ತು. ಆದರೆ ಆಜಿ ಒಂದೊಂದು ಸುತ್ತಿಗೂ ಒಂದೇ ಮಾತು ಕೇಳುತ್ತಿದ್ದರು ಎಂದರು. ನನಗೆ ಕಾಣುವುದಿಲ್ಲ, ನೀವು ನೋಡಿ ಹೇಳಿ. ಜಾಲಿಗಿಡದ ಮುಂದೆ ಬಿಳಿ ಅಂಗಿ. "ಉಭಾ ಆಹೇ ಕೀ ಪಡಲಾ?" ನಿಂತಿದ್ದಾನೋ, ಬಿದ್ದನೋ? ನಿಂತಿದ್ದಾನೆ ಆಜಿ ಎಂದು ಇವರು ಪ್ರತಿ ಸುತ್ತಿಗೂ ಹೇಳಿದರು. ಕೊನೆಗೆ, ನೀವು ನನ್ನ ಸಮಾಧಾನಕ್ಕೆ ಹೇಳುತ್ತಿದ್ದೀರಿ, ಇಳಿಸಿ, ನಾನೇ ಮುಟ್ಟಿ ನೋಡಬೇಕು ಎಂದಳಂತೆ.

ನಾನು ಅಷ್ಟು ಜನರ ಎದುರಿಗೆ ಗಳಗಳನೆ ಅತ್ತುಬಿಟ್ಟೆ. ಅವ್ವ ಅಳಲಿಲ್ಲ. ಎದೆಯ ಮೇಲಿನ ಕೈಯನ್ನು ಇನ್ನಷ್ಟು ಒತ್ತಿ, ಬಹಳ ಹೊತ್ತು ಕೇಳಿಸಿಕೊಂಡು, "ಗಟ್ಟಿ ಅದ" ಎಂದಳು. ಆಮೇಲೆ ಜೋಗಳೇಕರರ ದನಿ ಬಂದ ಕಡೆ ತಿರುಗಿ ಮರಾಠಿಯಲ್ಲಿ, ಇನ್ನೊಮ್ಮೆ ಒಯ್ಯುತ್ತೀರೇನು, ಈ ಸಲ ನಾನು ಕೆಳಗಿನದೇನೂ ಕೇಳುವುದಿಲ್ಲ ಎಂದಳು. ಅವರು ತಂತಿಯವರಿಗೆ ಕೈ ಬೀಸಿದರು. ಹೊರಡುವ ಮೊದಲು ಅವ್ವ ನನ್ನ ಭುಜ ಹಿಡಿದು ಕೆಳಕ್ಕೆ ಅದುಮಿದಳು.

"ನೀ ಇನ್ನ ಕೂಡು ಪ್ರಭ್ಯಾ. ನೆರಳಿಗೆ ಕೂಡು."

ನಾನು ಸುಮಿತ್ರಾಳ ಪಕ್ಕ ಜಾಲಿಯ ನೆರಳಿನಲ್ಲಿ ಕಾಲು ಚಾಚಿ ಕೂತೆ. ಎರಡನೆಯ ಸಲ ಅವ್ವ ಬಹಳ ಹೊತ್ತಿನವರೆಗೆ ಇಳಿಯಲಿಲ್ಲ.